ಹನ್ನೆರಡನೇ ದಿನದ ಹನಿ ಕೇಕ್: ಅಭ್ಯಾಸ ಬದಲಿಸುವ ಪಾಠದ ಟಿಪ್ಪಣಿ

ಮನಶ್ಶಾಸ್ತ್ರದ ಈ ಅಧ್ಯಾಯ ಓದುವ ಹೊತ್ತಿಗೇ ನಾನು ಬೇಕರಿ ಬಿಡುವ ಪ್ರಯತ್ನದಲ್ಲಿದ್ದೆ. ಹಾಗಾಗಿ ಟಿಪ್ಪಣಿಯ ತುಂಬ ಬೆಣ್ಣೆ ಬಿಸ್ಕತ್ತಿನ ಪುಡಿ ಉದುರಿದೆ, ಸಹಿಸಿಕೊಳ್ಳಿ. ನಾನು ಬಸ್ ಇಳಿಯುವ ಕಡೆ ಎದುರಿಗೇ ಒಂದು ಬೇಕರಿ. ಸಂಜೆ ಆರೂವರೆಗೆ ಅಲ್ಲಿ ಖಾರ ಬನ್ನಿನ ಬಿಸಿ ಟ್ರೇ ಹೊರಗೆ ಬರುತ್ತದೆ. ಒಂದು ಖಾರ ಬನ್, ಮೇಲೊಂದು ಹನಿ ಕೇಕ್, ಒಂದು ಟೀ. ವಾರಕ್ಕೆ ಐದು ದಿನ ಇದೇ. ಅಪ್ಪನಿಗೆ ಶುಗರ್ ಇದೆ, ನನ್ನ ರಿಪೋರ್ಟೂ ಗಡಿಯಲ್ಲಿ ಬಂದಿತ್ತು. ಹನ್ನೊಂದು ದಿನ ಬಿಟ್ಟೆ. ಹನ್ನೆರಡನೇ ದಿನ ತಿಂದೆ. ಈ ಟಿಪ್ಪಣಿ ಮುಖ್ಯವಾಗಿ ಆ ಸಂಜೆಯ ಬಗ್ಗೆ.

21 ದಿನದ ಮಾತು ಎಲ್ಲಿಂದ ಬಂತು

"21 ದಿನ ಮಾಡಿ, ಅಭ್ಯಾಸ ಆಗಿಬಿಡುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಮೂಗು, ಮುಖ ಸರಿಪಡಿಸಿಕೊಂಡ ರೋಗಿಗಳಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು ಆತ ಗಮನಿಸಿದ್ದ. "ಕಡಿಮೆ ಅಂದರೂ" ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಮೂಗಿನ ಲೆಕ್ಕ ಜಿಮ್ಮಿಗೂ ಬಂತು.

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು. 2010ರಲ್ಲಿ ಅಚ್ಚಾದ ಅಧ್ಯಯನ. 96 ಜನ, 12 ವಾರ. ಪ್ರತಿಯೊಬ್ಬರೂ ಒಂದೊಂದು ಸಣ್ಣ ಕೆಲಸ ಆರಿಸಿಕೊಂಡು, ದಿನವೂ ಒಂದೇ ಸಂದರ್ಭದಲ್ಲಿ, ಉದಾಹರಣೆಗೆ ತಿಂಡಿ ಆದ ಮೇಲೆ, ಅದನ್ನು ಮಾಡಬೇಕಿತ್ತು. ಯೋಚಿಸದೆ ತಾನಾಗೇ ಮಾಡುವ ಮಟ್ಟಕ್ಕೆ ಬರಲು ಮಧ್ಯದ ಅಂಕಿ (ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ, ಅರ್ಧ ಜನಕ್ಕೆ ಜಾಸ್ತಿ) 66 ದಿನ. ಕೆಲವರಿಗೆ 18 ಸಾಕು, ಕೆಲವರಿಗೆ 254. ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮ ನಿಧಾನವಾಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಅಧ್ಯಯನ ನಡೆದದ್ದೇ 84 ದಿನ, 254 ಎಲ್ಲಿಂದ ಬಂತು? ದಿನ ಕಳೆದಂತೆ ಕೆಲಸ ಎಷ್ಟು ತಾನಾಗೇ ಆಗುತ್ತಿದೆ ಎಂದು ತೋರಿಸುವ ಗ್ರಾಫಿನ ಗೆರೆಯನ್ನು ಮುಂದಕ್ಕೆ ಎಳೆದು ಲೆಕ್ಕ ಹಾಕಿದ್ದು. ಅದೂ ಅಲ್ಲದೆ, ಗೆರೆ ಚೆನ್ನಾಗಿ ಹೊಂದಿದ್ದು 39 ಜನರಿಗೆ ಮಾತ್ರ, ಆ 66 ಅವರ ಮಧ್ಯದ ಅಂಕಿ. ಹಾಗಾಗಿ 21ನ್ನು ಕಿತ್ತು ಆ ಜಾಗದಲ್ಲಿ 66 ಎಂದು ಗೋಡೆಗೆ ಅಂಟಿಸಬೇಡಿ. ನನಗೆ ಬೇಕಾಗಿದ್ದ ಮಾತು ಅದೇ ಅಧ್ಯಯನದಲ್ಲಿ ಬೇರೆ ಕಡೆ ಇತ್ತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಪರೀಕ್ಷೆಗೆ 66 ನೆನಪಿಟ್ಟುಕೊಳ್ಳಿ, ಬದುಕಿಗೆ ಇದನ್ನು.

ಸುಳಿವು, ಮತ್ತು ಅಯ್ಯಪ್ಪನ ಮಾಲೆ

ಅಭ್ಯಾಸಕ್ಕೆ ಒಂದು ಸುಳಿವು ಬೇಕು. ಜಾಗ, ಹೊತ್ತು, ವಾಸನೆ, ಜೊತೆಗಿರುವ ಜನ, ಯಾವುದೂ ಆಗಬಹುದು. ಸುಳಿವು ಕಂಡ ತಕ್ಷಣ ಕೈಕಾಲು ತಾವೇ ಹೊರಡುತ್ತವೆ. ಬಸ್ಸಿಂದ ಇಳಿದಾಗ ನನಗೆ ಹಸಿವೇ ಇರುತ್ತಿರಲಿಲ್ಲ, ಆದರೂ ರಸ್ತೆ ದಾಟಿರುತ್ತಿದ್ದೆ. ಅಭ್ಯಾಸ ಬಲ ಅಂತೀವಲ್ಲ, ಅದೇ.

ಇದಕ್ಕೆ ಅಯ್ಯಪ್ಪ ವ್ರತಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ನಮ್ಮ ಬೀದಿಯ ಒಬ್ಬರು ಪ್ರತಿ ವರ್ಷ ಮಾಲೆ ಹಾಕುತ್ತಾರೆ. 41 ದಿನ ಬೀಡಿ ಇಲ್ಲ, ಎಣ್ಣೆ ಇಲ್ಲ. ಒದ್ದಾಟವೂ ಅಷ್ಟಾಗಿ ಕಾಣುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದಲ್ಲಿ ಮತ್ತೆ ಗೂಡಂಗಡಿ ಮುಂದೆ. "ನಾಟಕ" ಅಂತ ಬೀದಿಯವರು ನಗುತ್ತಾರೆ. ಪಾಠ ಓದಿದ ಮೇಲೆ ನನಗೆ ನಗು ಬರಲಿಲ್ಲ. ಆ 41 ದಿನ ಅವರ ಸುತ್ತ ಎಲ್ಲವೂ ಬದಲಾಗಿರುತ್ತದೆ. ಬಟ್ಟೆ ಕಪ್ಪು, ಬೆಳಗ್ಗೆ ತಣ್ಣೀರು ಸ್ನಾನ, ಸಂಜೆ ಭಜನೆ, ಊಟ ಬೇರೆ, ಮಲಗುವುದು ಚಾಪೆ ಮೇಲೆ. ಚಿಕ್ಕವರು ದೊಡ್ಡವರು ಎಲ್ಲರೂ "ಸ್ವಾಮಿ" ಅಂತ ಕರೆಯುತ್ತಾರೆ. ಸ್ವಾಮಿಗೆ ಬೀಡಿ ಕೊಡುವವರು ಯಾರು? ಮಾಲೆ ತೆಗೆದ ದಿನ ಈ ಎಲ್ಲ ಆಸರೆ ಒಟ್ಟಿಗೇ ಹೋಗುತ್ತದೆ, ಹಳೆ ಸುಳಿವುಗಳು ಹಾಗೇ ಕಾದಿರುತ್ತವೆ. ಅವರ ಮನಸ್ಸು ಗಟ್ಟಿಯಿಲ್ಲ ಅಂತಲ್ಲ. 41 ದಿನ ಬಿಟ್ಟವರಿಗೆ ಮನಸ್ಸು ಗಟ್ಟಿಯಿಲ್ಲ ಅನ್ನುವುದು ಹೇಗೆ?

(ಒಂದು ಎಚ್ಚರಿಕೆ. ಈ ಟಿಪ್ಪಣಿ ಬೇಕರಿ ಮಟ್ಟದ ಅಭ್ಯಾಸಗಳಿಗೆ. ದಿನವೂ ಜಾಸ್ತಿ ಕುಡಿಯುವವರು ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು, ಡಾಕ್ಟರ್ ಜೊತೆಗಿರಬೇಕು. ಮಾತಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.)

ಆ ಸಂಜೆ ಏನಾಯಿತು

ಹನ್ನೆರಡನೇ ದಿನ ಆಫೀಸಿನಲ್ಲಿ ಒಂದಿಷ್ಟು ಮಾತಾಗಿ ತಲೆ ಕೆಟ್ಟಿತ್ತು. ರಸ್ತೆ ದಾಟಿದೆ, ಒಂದು ಹನಿ ಕೇಕ್ ತಿಂದೆ. ಅಲ್ಲಿಗೆ ಮುಗಿದಿದ್ದರೆ ಏನೂ ಇಲ್ಲ. ಆದರೆ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ "ಹೇಗೂ ಕೆಟ್ಟಿತಲ್ಲ" ಅನ್ನಿಸಿತು. ಇನ್ನೊಂದು ತಿಂದೆ. ಒಂದು ದಿಲ್‌ಪಸಂದ್ ಕಟ್ಟಿಸಿಕೊಂಡೆ, ಮನೆ ತಲುಪುವುದರೊಳಗೆ ಪೊಟ್ಟಣ ಖಾಲಿ. ಮಾರನೇ ದಿನ, ಅದರ ಮಾರನೇ ದಿನವೂ ಬೇಕರಿ.

ಇದಕ್ಕೆ ನಮ್ಮಲ್ಲಿ ಗಾದೆಯೇ ಇದೆ: ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಸಂಶೋಧಕರು 1975ರಲ್ಲಿ ಇದನ್ನೇ ಲ್ಯಾಬಿನಲ್ಲಿ ತೋರಿಸಿದರು. ಕಾಲೇಜು ಹುಡುಗಿಯರಲ್ಲಿ ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿದರು, ಕೆಲವರಿಗೆ ಇಲ್ಲ. ಆಮೇಲೆ ರುಚಿ ಪರೀಕ್ಷೆ ಎಂದು ಹೇಳಿ ಐಸ್‌ಕ್ರೀಮ್ ಮುಂದಿಟ್ಟು, ಬೇಕಾದಷ್ಟು ತಿನ್ನಿ ಎಂದರು. ಡಯಟ್ ಚಿಂತೆ ಇಲ್ಲದವರು ಹೊಟ್ಟೆ ತುಂಬಿದ್ದಕ್ಕೆ ಕಡಿಮೆ ತಿಂದರು. ಡಯಟ್ ಮಾಡುವವರು ಉಲ್ಟಾ: ಮಿಲ್ಕ್‌ಶೇಕ್ ಕುಡಿದ ಮೇಲೆ, ಕುಡಿಯದವರಿಗಿಂತ ಜಾಸ್ತಿ ತಿಂದರು. ನಿಯಮ ಮುರಿಯಿತು, ಇನ್ನು ಕಾಯುವುದೇನು ಅಂತ.

ಕುಡಿತ ಬಿಡುವವರ ಜೊತೆ ಕೆಲಸ ಮಾಡಿದ ಅಲನ್ ಮಾರ್ಲಟ್ ಇದನ್ನು ಇನ್ನೂ ಒಳಗೆ ಹೋಗಿ ನೋಡಿದರು. ಎಡವುವುದು ಬೇರೆ, ಬೀಳುವುದು ಬೇರೆ ಅನ್ನುವುದು ಅವರ ಮಾತಿನ ಸಾರ. ಎಡವಿದವನು ಬೀಳುತ್ತಾನೋ ಇಲ್ಲವೋ ಎಂಬುದು ಬಹಳಷ್ಟು ಮಟ್ಟಿಗೆ ಎಡವಿದ್ದಕ್ಕೆ ಅವನು ಕೊಡುವ ಕಾರಣದ ಮೇಲೆ ನಿಂತಿದೆ. "ಇವತ್ತು ತಲೆ ಕೆಟ್ಟಿತ್ತು, ಬೇಕರಿ ಎದುರಿಗಿತ್ತು" ಎಂದರೆ ನಾಳೆ ಏನಾದರೂ ಮಾಡಬಹುದು. "ನಾನೇ ಹೀಗೆ, ನನ್ನ ಕೈಲಾಗಲ್ಲ" ಎಂದರೆ ನಾಳೆ ಮಾಡಲು ಏನೂ ಉಳಿಯುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಮನೆಯಲ್ಲಿ ಬೈಯುತ್ತಾರಲ್ಲ, ಆ ಬೈಗುಳ ಮಾಡುವುದೇ ಇದನ್ನು. ಅಭ್ಯಾಸವನ್ನು ಗುಣ ಮಾಡಿಬಿಡುತ್ತದೆ. ಹನಿ ಕೇಕ್ ನನ್ನ ಹುಟ್ಟುಗುಣ ಅಲ್ಲ. ನಾನು ಹುಟ್ಟಿದಾಗ ಆ ಬೇಕರಿಯೇ ಇರಲಿಲ್ಲ.

ಹಾಗಾದರೆ ನಮ್ಮನ್ನು ನಾವೇ ಮುದ್ದು ಮಾಡಬೇಕಾ?

ನಮ್ಮ ಓದುವ ಗುಂಪಿನಲ್ಲಿ ಜಾಸ್ತಿ ಜಗಳ ಆದದ್ದು ಇದರ ಮೇಲೆ. "ಬೈದುಕೊಳ್ಳದಿದ್ದರೆ ಸಡಿಲ ಬಿಟ್ಟ ಹಾಗೆ ಅಲ್ವಾ?" ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಡೋನಟ್ ಪ್ರಯೋಗ ಓದಿದೆವು. 2007, ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ. ಹುಡುಗಿಯರಿಗೆ ಮೊದಲು ಡೋನಟ್ ಕೊಟ್ಟರು. ಒಂದು ಗುಂಪಿಗೆ ಮಾತ್ರ, ಇದನ್ನು ಎಲ್ಲರೂ ಒಮ್ಮೊಮ್ಮೆ ತಿನ್ನುತ್ತಾರೆ, ನಿಮ್ಮ ಮೇಲೆ ನೀವೇ ಕೋಪ ಮಾಡಿಕೊಳ್ಳಬೇಡಿ ಎಂಬಂಥ ಎರಡು ಮಾತು ಹೇಳಿದರು. ಆಮೇಲೆ ಸಿಹಿ ಮಿಠಾಯಿ ಇಟ್ಟರು. ಊಟಕ್ಕೆ ಕಟ್ಟುನಿಟ್ಟು ಹಾಕಿಕೊಂಡಿದ್ದವರಲ್ಲಿ, ಆ ಸಮಾಧಾನದ ಮಾತು ಕೇಳಿದವರೇ ಕಡಿಮೆ ತಿಂದರು. ಕೇಳದವರು ಜಾಸ್ತಿ.

ತಿಂಡಿಗೆ ಮಾತ್ರ ಅಲ್ಲ. 2012ರಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ವಿದ್ಯಾರ್ಥಿಗಳಿಗೆ ಕಷ್ಟದ ಪದಗಳ ಪರೀಕ್ಷೆ ಕೊಟ್ಟರು. ಚೆನ್ನಾಗಿ ಮಾಡದಿದ್ದಾಗ ತಮ್ಮ ಮೇಲೆ ಕರುಣೆ ಇಟ್ಟುಕೊಳ್ಳಲು ಹೇಳಿಸಿಕೊಂಡವರು ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ನನಗನ್ನಿಸುವುದು ಹೀಗೆ: ಬೈದುಕೊಂಡಾಗ ಪುಸ್ತಕ ತೆರೆಯುವುದೇ ಅವಮಾನ ಅನ್ನಿಸುತ್ತದೆ, ಹಾಗಾಗಿ ತೆರೆಯುವುದೇ ಇಲ್ಲ.

ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಈ ಕರುಣೆಯನ್ನು ಮೂರು ತುಂಡು ಮಾಡಿ ವಿವರಿಸಿದರು. ಪರೀಕ್ಷೆಗೆ ಬೇಕಾಗುತ್ತದೆ, ಬರೆದುಕೊಳ್ಳಿ: ತನ್ನ ಜೊತೆ ಮೆದುವಾಗಿರುವುದು, ಇದು ನನಗೊಬ್ಬಳಿಗೆ ಆಗುವುದಲ್ಲ ಎಂದು ತಿಳಿಯುವುದು, ಆದದ್ದನ್ನು ದೊಡ್ಡದೂ ಮಾಡದೆ ಮುಚ್ಚಿಯೂ ಇಡದೆ ನೋಡುವುದು. ಮೂರನೆಯದನ್ನು ಜನ ಮರೆಯುತ್ತಾರೆ. "ತಿಂದೇ ಇಲ್ಲ" ಅಂತ ಸುಮ್ನೆ ಇರುವುದು ಕರುಣೆಯಲ್ಲ. ಎರಡು ಹನಿ ಕೇಕ್, ಒಂದು ದಿಲ್‌ಪಸಂದ್. ಲೆಕ್ಕ ಲೆಕ್ಕವೇ.

ಮತ್ತೆ ಶುರು ಮಾಡಿದ್ದು

ಪೀಟರ್ ಗೋಲ್‌ವಿಟ್ಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಹೇಳುವುದು "ಹೀಗಾದರೆ ಹೀಗೆ" ಯೋಜನೆ. "ಇನ್ನು ಆರೋಗ್ಯ ನೋಡಿಕೊಳ್ತೀನಿ" ಅಂದರೆ ಸಾಲದು. ಯಾವ ಸುಳಿವಿಗೆ ಯಾವ ಕೆಲಸ ಎಂದು ಮೊದಲೇ ಗಂಟು ಹಾಕಬೇಕು. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇದರ ಲಾಭ ಗಟ್ಟಿಯಾಗೇ ಕಂಡಿತು. ಒಂದು ಕಿವಿಮಾತು: "ಬಸ್ ಇಳಿದರೆ ಬೇಕರಿಗೆ ಹೋಗಲ್ಲ" ಅಂತ ಬರೆಯಬೇಡಿ. ಆಗ ತಲೆಯಲ್ಲಿ ಬೇಕರಿಯೇ ಕೂರುತ್ತದೆ. ನನ್ನ ಮೊದಲ ಚೀಟಿಯಲ್ಲಿ ಇದ್ದದ್ದು ಅದೇ.

ಈಗಿನ ಚೀಟಿ: "ಕಂಡಕ್ಟರ್ ಹಿಂದಿನ ಸ್ಟಾಪ್ ಹೆಸರು ಕೂಗಿದರೆ, ಎದ್ದು ಇಳಿಯುತ್ತೇನೆ." ಅಲ್ಲಿಂದ ಮನೆಗೆ ಹನ್ನೆರಡು ನಿಮಿಷ ನಡಿಗೆ, ದಾರಿಯಲ್ಲಿ ಬೇಕರಿ ಸಿಗುವುದಿಲ್ಲ. ಚೀಲದಲ್ಲಿ ಹುರಿಗಡಲೆ. ಅದರ ಕೆಳಗೆ ಎರಡನೇ ಸಾಲು: "ತಿಂದುಬಿಟ್ಟರೆ, ಚಿಕ್ಕಿಗೆ ಹೇಳುವ ಹಾಗೆ ನನಗೂ ಹೇಳುತ್ತೇನೆ."

ಚಿಕ್ಕಿ ನನ್ನ ತಂಗಿ, ಮನೆಯಲ್ಲಿ ಕರೆಯುವ ಹೆಸರು. ಅವಳು ಬೆಳಗಿನ ವಾಕ್ ತಪ್ಪಿಸಿದಾಗ ನಾನು ಅಂದದ್ದು, "ಹೋಗ್ಲಿ ಬಿಡೇ, ನಾಳೆ ಹೋಗು." ಹನ್ನೆರಡನೇ ದಿನ ನನಗೆ ನಾನು ಅಂದುಕೊಂಡದ್ದು, "ನಿನ್ನ ಹಣೆಬರಹವೇ ಇಷ್ಟು." ನೀವೂ ಹೀಗೆ ಎರಡು ಸಾಲು ಬರೆದು ಅಕ್ಕಪಕ್ಕ ಇಟ್ಟು ನೋಡಿ, ಮುಂದಿನ ವಾರ ಗುಂಪಿಗೆ ತನ್ನಿ.

ನನ್ನ ಕ್ಯಾಲೆಂಡರಿನಲ್ಲಿ ಈ ತಿಂಗಳು ಮೂರು ಕಡೆ "ಹ.ಕೇ." ಅಂತ ಬರೆದಿದೆ. ಮೂರೂ ಬಿಡಿ ಬಿಡಿ ದಿನಗಳು.