ಹೊಟ್ಟೆ ಸೂಕ್ಷ್ಮದ ಬೆಕ್ಕಿಗೆ ಯಾವ ಕಾಳು?

"ಡಾಕ್ಟ್ರೇ, ಒಂದು ಒಳ್ಳೆ ಬ್ರ್ಯಾಂಡ್ ಹೇಳಿ, ಇದಕ್ಕೆ ಯಾವುದೂ ಆಗುವುದಿಲ್ಲ" ಎಂದು ಬುಟ್ಟಿಯಲ್ಲಿ ಬೆಕ್ಕನ್ನು ಹೊತ್ತು ತಂದವರನ್ನು ನಾನು ಮೊದಲು ಕೇಳುವುದು, ಕಳೆದ ಎರಡು ತಿಂಗಳಲ್ಲಿ ಎಷ್ಟು ಬಗೆಯ ಕಾಳು (ಪ್ಯಾಕೆಟ್‌ನಲ್ಲಿ ಬರುವ ಒಣ ಆಹಾರ) ಬದಲಾಯಿಸಿದಿರಿ ಎಂದು. ಮೂರು, ಕೆಲವೊಮ್ಮೆ ನಾಲ್ಕು ಎಂಬ ಉತ್ತರ ಬರುತ್ತದೆ. ಒಂದು ವಾರ ಟ್ಯೂನಾ, ತಿನ್ನಲಿಲ್ಲವೆಂದು ಮರುವಾರ ಚಿಕನ್, ಭೇದಿಯಾಯಿತೆಂದು ಮತ್ತೊಂದು. ಆ ಹೊಟ್ಟೆಗೆ ಯಾವುದೂ ಆಗುವುದಿಲ್ಲ ಎಂದಲ್ಲ, ಯಾವುದಕ್ಕೂ ಒಗ್ಗಿಕೊಳ್ಳಲು ಪುರುಸೊತ್ತು ಸಿಕ್ಕಿಲ್ಲ.

ಕಾಸರಗೋಡಿನಲ್ಲಿ ಈ ತೊಂದರೆಗೆ ಒಂದು ಕಾಲವೂ ಇದೆ. ಜೂನ್ 9ರ ನಡುರಾತ್ರಿ ಟ್ರಾಲಿಂಗ್ (ಯಂತ್ರದೋಣಿಗಳ ಬಲೆ ಮೀನುಗಾರಿಕೆ) ನಿಷೇಧ ಶುರುವಾದರೆ ಜುಲೈ 31ರವರೆಗೆ 52 ದಿನ ಮೀನಿಗೆ ಕೈ ಹಾಕುವ ಹಾಗಿಲ್ಲ, ಅಷ್ಟು ಬೆಲೆ. ಅಲ್ಲಿಯವರೆಗೆ ಬೂತಾಯಿ ತಲೆ, ಕುಚ್ಚಲಕ್ಕಿ ಅನ್ನ ತಿಂದುಕೊಂಡಿದ್ದ ಬೆಕ್ಕಿನ ಮುಂದೆ ಒಂದು ಬೆಳಗ್ಗೆ ತಟ್ಟೆ ತುಂಬ ಕಾಳು. ಕುಂಬಳೆ, ಉಪ್ಪಳದ ಕಡಲ ಬದಿಯ ಮನೆಗಳ ಕತೆ ಇದು. ನೀರ್ಚಾಲು, ಪೆರ್ಲದ ಕಡೆ ಅಡುಗೆಮನೆಗೆ ಮೀನು ಬಾರದ ಮನೆಗಳಲ್ಲಿ ಹಾಲು-ಅನ್ನದಿಂದ ಸೀದಾ ಕಾಳಿಗೆ. ತಾವು ಮಾಂಸ ಮುಟ್ಟದೆ ಬೆಕ್ಕಿಗೆ ಬೇಕಾದ್ದು ಕೊಡಬಹುದು ಎನ್ನುವುದೇ ಆ ಮನೆಗಳಿಗೆ ಕಾಳು ಹಿಡಿಸಲು ಕಾರಣ, ಅದು ಒಳ್ಳೆಯದೇ. ಆದರೆ ಜೊತೆಗೆ ಹಾಲು ಕೊಡುವುದು ನಿಲ್ಲುವುದಿಲ್ಲ. ಬೆಳೆದ ಬೆಕ್ಕಿನ ಕರುಳಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ತೀರಾ ಕಡಿಮೆ. ಭೇದಿ ಮಾಡಿಸಿದ್ದು ಹಾಲು, ಬೈಗುಳ ತಿಂದದ್ದು ಕಾಳು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಎರಡು ವಿಷಯ ಬಗೆಹರಿಯಬೇಕು. ಒಂದು ಹುಳ. ಇಲಿ, ಹಲ್ಲಿ ಹಿಡಿಯುವ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧ ಹೋಗದಿದ್ದರೆ ಎಷ್ಟು ದುಬಾರಿಯ ಆಹಾರ ಹಾಕಿದರೂ ಹೊಟ್ಟೆ ಸರಿಯಾಗದು. ಮರಿಗಳಿಗಂತೂ ಇನ್ನೂ ಬೇಗ ಬೇಗ ಬೇಕು. ಎರಡನೆಯದು, ಕಾರಿದ್ದನ್ನು ಒಮ್ಮೆ ನೋಡಿ. ತಿಂದ ಹತ್ತು ನಿಮಿಷದೊಳಗೆ, ಇಡೀ ಕಾಳುಗಳೇ ಉದ್ದಕ್ಕೆ ಕೊಳವೆಯ ಆಕಾರದಲ್ಲಿ ಬಿದ್ದಿದ್ದರೆ, ಹಳದಿ ನೀರು ಇಲ್ಲದಿದ್ದರೆ, ಅದು ಹೆಚ್ಚಾಗಿ ಗಬಗಬ ನುಂಗಿದ್ದು. ಎರಡು ಮೂರು ಬೆಕ್ಕುಗಳಿಗೆ ಒಂದೇ ತಟ್ಟೆ ಇಡುವ ಮನೆಗಳಲ್ಲಿ ಇದು ಸಾಮಾನ್ಯ. ಅಲ್ಲಿ ಬದಲಾಯಿಸಬೇಕಾದ್ದು ತಟ್ಟೆ. ಒಂದೊಂದಕ್ಕೆ ಬೇರೆ ಬೇರೆ ತಟ್ಟೆ, ದಿನದ ಪಾಲನ್ನು ನಾಲ್ಕು ಸಲ ಹಂಚಿ ಹಾಕಿದರೆ ಬಹಳಷ್ಟು "ಸೂಕ್ಷ್ಮ ಹೊಟ್ಟೆ"ಗಳು ಗಟ್ಟಿಯಾಗುತ್ತವೆ. ಆಗಾಗ ಕಾರುತ್ತಲೇ ಇದ್ದರೆ ಮಾತ್ರ ಅದನ್ನು ನಾವು ನೋಡಬೇಕು.

ಇನ್ನು ಪ್ಯಾಕೆಟ್. ಮುಂಭಾಗವನ್ನು ಬಿಟ್ಟುಬಿಡಿ, ಅದು ನಿಮಗಾಗಿ ಬರೆದದ್ದು. ಕೆಂಪು, ಹಸಿರು ಕಾಳುಗಳೂ ನಿಮ್ಮ ಕಣ್ಣಿಗಾಗಿಯೇ, ಬೆಕ್ಕಿಗೆ ಬಣ್ಣದಿಂದ ಏನೂ ಆಗಬೇಕಾದ್ದಿಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ ನಾಲ್ಕು ಅಂಕಿ ಇರುತ್ತವೆ: ಪ್ರೊಟೀನ್, ಕೊಬ್ಬು, ನಾರು, ತೇವಾಂಶ. ಪಿಷ್ಟ ಎಷ್ಟೆಂದು ಸಾಮಾನ್ಯವಾಗಿ ಬರೆದಿರುವುದಿಲ್ಲ, ನಾವೇ ಲೆಕ್ಕ ಹಾಕಬೇಕು. ಪ್ರೊಟೀನ್ 30, ಕೊಬ್ಬು 10, ನಾರು 4, ತೇವಾಂಶ 10 ಎಂದಿದೆಯೆನ್ನಿ. ಖನಿಜಾಂಶಕ್ಕೆ ಅಂದಾಜು 8 ಸೇರಿಸಿದರೆ 62. ನೂರರಲ್ಲಿ ಉಳಿದ 38 ಹೆಚ್ಚುಕಡಿಮೆ ಪಿಷ್ಟ. ಪಕ್ಕದ ಪ್ಯಾಕೆಟ್‌ನಲ್ಲಿ ಇದೇ ಕ್ರಮದಲ್ಲಿ 40, 18, 3, 8 ಇದ್ದರೆ, ಖನಿಜಾಂಶದ 8 ಸೇರಿಸಿ ಲೆಕ್ಕ ಹಾಕಿದಾಗ ಪಿಷ್ಟ 23ಕ್ಕೆ ಇಳಿಯುತ್ತದೆ. ಚೆನ್ನಾಗಿ ಬೆಂದ ಪಿಷ್ಟವನ್ನು ಬೆಕ್ಕು ಜೀರ್ಣಿಸಿಕೊಳ್ಳುತ್ತದೆ, ಅದೇನೂ ವಿಷವಲ್ಲ. ಆದರೆ ಪದೇ ಪದೇ ಭೇದಿಯಾಗುವ ಬೆಕ್ಕಿಗೆ ಎರಡನೆಯದನ್ನೇ ನಾನು ಮೊದಲು ಹೇಳುವುದು. ಕೊಬ್ಬು ಜಾಸ್ತಿಯಲ್ಲವೇ ಎಂದು ನಾಯಿ ಸಾಕಿದವರು ಹಿಂಜರಿಯುತ್ತಾರೆ. ಕೊಬ್ಬನ್ನು ಬೆಕ್ಕು ನಾಯಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ಪದಾರ್ಥಗಳ ಪಟ್ಟಿ ತೂಕದ ಕ್ರಮದಲ್ಲಿರುತ್ತದೆ, ಅಲ್ಲಿಯೂ ಒಂದು ಒಳಗುಟ್ಟು. "ತಾಜಾ ಕೋಳಿ" ಮೊದಲ ಸಾಲಿನಲ್ಲಿದ್ದರೆ ಅದರಲ್ಲಿ ಮುಕ್ಕಾಲು ಪಾಲು ನೀರು, ಒಣಗಿದ ಮೇಲೆ ಅದು ಎಷ್ಟೋ ಕೆಳಗಿಳಿಯುತ್ತದೆ. ಒಣಗಿಸಿದ ಕೋಳಿಪುಡಿ ಎರಡನೆಯ ಸಾಲಿನಲ್ಲಿದ್ದರೂ ಅದೇ ಹೆಚ್ಚು ಪ್ರೊಟೀನ್ ಕೊಡುವುದು. ಮುಂದೆ ಟ್ಯೂನಾ ಚಿತ್ರ, ಹಿಂದೆ ಮೊದಲ ಹೆಸರು ಕೋಳಿ ಎಂಬಂಥವೂ ಇವೆ. ಸೂಕ್ಷ್ಮ ಹೊಟ್ಟೆಗೆ ನನಗೆ ಬೇಕಾದ್ದು ಯಾವ ಪ್ರಾಣಿಯದೆಂದು ಹೆಸರು ಹೇಳುವ, ಆದಷ್ಟು ಒಂದೇ ಮಾಂಸದ ಆಹಾರ. "ಧಾನ್ಯರಹಿತ" ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಧಾನ್ಯದ ಬದಲು ಬಟಾಣಿ, ಬಟಾಟೆ ಸೇರಿರುತ್ತದೆ, ಅಷ್ಟೇ. ಬೆಕ್ಕುಗಳಿಗೆ ಅಲರ್ಜಿಯಾಗುವುದು ಹೆಚ್ಚಾಗಿ ದನದ ಮಾಂಸ, ಮೀನು, ಕೋಳಿಗಳಿಗೆ. ಹುಟ್ಟಿದಾಗಿನಿಂದ ಬಂಗುಡೆ ತಿಂದು ಬೆಳೆದ ಬೆಕ್ಕಿಗೆ ಮೀನಿನ ಕಾಳು ಒಗ್ಗುತ್ತದೆ ಎನ್ನುವ ನಂಬಿಕೆ ಯಾವಾಗಲೂ ನಿಜವಾಗದು, ಅಲರ್ಜಿ ಬರುವುದು ದಿನವೂ ತಿಂದದ್ದಕ್ಕೇ. ಅಂಥ ಸಂಶಯವಿದ್ದರೆ ಪ್ರೊಟೀನನ್ನು ಚೂರು ಚೂರಾಗಿ ಒಡೆದ ಹೈಡ್ರೊಲೈಸ್ಡ್ ಆಹಾರ ಸಿಗುತ್ತದೆ, ವೈದ್ಯರು ಹೇಳಿದರೆ ಮಾತ್ರ ಹಾಕಿ. ಎರಡರಿಂದ ನಾಲ್ಕು ವಾರದಲ್ಲಿ ಹೊಟ್ಟೆಯ ಮಟ್ಟಿಗೆ ಉತ್ತರ ಸಿಗುತ್ತದೆ, ಆ ನಡುವೆ ಪಕ್ಕದ ಮನೆಯವರು ಮೀನು ಕೊಯ್ಯುವ ಕಲ್ಲಿನ ಹತ್ತಿರ ಬೆಕ್ಕು ಸುಳಿಯದಿದ್ದರೆ! ನಾಯಿಯ ಕಾಳನ್ನಂತೂ ಬೆಕ್ಕಿಗೆ ಹಾಕಲೇಬೇಡಿ. ಬೆಕ್ಕಿಗೆ ಬೇಕಾದಷ್ಟು ಟೌರಿನ್ ಎಂಬ ಪೋಷಕಾಂಶ ಅದರಲ್ಲಿ ಇರಬೇಕೆಂದಿಲ್ಲ. ಟೌರಿನ್ ಕೊರತೆಯಿಂದ ಬೆಕ್ಕಿನ ಹೃದಯ ಊದಿಕೊಂಡು ಸೋಲುತ್ತದೆ ಎಂಬುದು 1987ರಲ್ಲೇ ಸಾಬೀತಾಗಿದೆ, ಕಣ್ಣೂ ಹೋಗುತ್ತದೆ.

ಇಷ್ಟೆಲ್ಲ ನೋಡಿ ಆರಿಸಿದ ಆಹಾರ ಕೆಡುವುದು ನಮ್ಮ ಮಳೆಗಾಲದಲ್ಲಿ, ನಮ್ಮ ಮನೆಯಲ್ಲೇ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ 50-60 ಗ್ರಾಂ ಸಾಕು. ಅಗ್ಗವೆಂದು ತಲಪಾಡಿ ದಾಟಿ ಮಂಗಳೂರಿನಿಂದ 7 ಕಿಲೋ ಚೀಲ ತಂದರೆ ಒಂದೇ ಬೆಕ್ಕಿರುವ ಮನೆಯಲ್ಲಿ ಅದು ನಾಲ್ಕು ತಿಂಗಳು ಬರುತ್ತದೆ. ಜೂನ್‌ನಲ್ಲಿ ಬಿಚ್ಚಿದ್ದು ಸೆಪ್ಟೆಂಬರ್‌ವರೆಗೆ. ಅಷ್ಟರಲ್ಲಿ ಕೊಬ್ಬು ಗಾಳಿ ತಾಗಿ ಕಮಟು ವಾಸನೆ ಹಿಡಿದಿರುತ್ತದೆ, ತೇವ ಕುಡಿದ ಕಾಳಿಗೆ ಬೂಷ್ಟು ಬಂದಿರುತ್ತದೆ. ಬೂಷ್ಟು ಕಣ್ಣಿಗೆ ಬೀಳುವ ಮೊದಲೇ ಅದರ ವಿಷ ಸೇರಿರಬಹುದು, ಯಕೃತ್ತಿಗೆ ಅದು ಕೆಟ್ಟದ್ದು. ಬೆರಳಲ್ಲಿ ಒತ್ತಿದರೆ ಕಟಕ್ಕೆಂದು ಒಡೆಯದೆ ಮೆತ್ತಗೆ ಬಾಗುವ ಕಾಳನ್ನು ಎಸೆಯಿರಿ, ಕೋಳಿಗೂ ಹಾಕಬೇಡಿ. ಮಳೆಗಾಲಕ್ಕೆ ಒಂದು, ಒಂದೂವರೆ ಕಿಲೋದ ಪ್ಯಾಕೆಟ್ಟೇ ಸರಿ, ಮೂರು ನಾಲ್ಕು ವಾರದಲ್ಲಿ ಮುಗಿಯುತ್ತದೆ. ಡಬ್ಬಕ್ಕೆ ಸುರಿಯುವ ಬದಲು ಪ್ಯಾಕೆಟ್ ಸಮೇತ ಬಿಗಿ ಮುಚ್ಚಳದ ಡಬ್ಬದೊಳಗಿಡಿ, ಹಳೆಯ ಕಾಳಿನ ಜಿಡ್ಡು ಹೊಸದಕ್ಕೆ ಹತ್ತುವುದಿಲ್ಲ. ತೆರೆದ ಗೋಣಿಯಿಂದ ಲೂಸ್ ತೂಗಿ ಕೊಡುವುದನ್ನು ಯಾವ ಬೆಲೆಗೂ ತರಬೇಡಿ. ಯಾವಾಗ ತಯಾರಾದದ್ದು, ಯಾವಾಗ ಬಿಚ್ಚಿದ್ದು ಎಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ.

ಹೊಸ ಕಾಳಿಗೆ ಹೊರಳಲು ಏಳರಿಂದ ಹತ್ತು ದಿನ ಬೇಕು. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಮುಕ್ಕಾಲು. ಕಾಳಿನಲ್ಲಿ ನೀರು ನೂರಕ್ಕೆ ಹತ್ತರಷ್ಟು ಮಾತ್ರ, ಬೆಕ್ಕಿಗೆ ಬಾಯಾರಿಕೆಯೂ ಕಡಿಮೆ. ಎರಡು ಮೂರು ಕಡೆ ನೀರಿಡಿ, ತಿನ್ನುವುದಾದರೆ ಕಾಳನ್ನೇ ತುಸು ನೆನೆಸಿ ಕೊಡಿ, ಉಳಿದರೆ ಅರ್ಧ ಗಂಟೆಯಲ್ಲಿ ತೆಗೆಯಿರಿ. ಆಹಾರ ಎಷ್ಟು ಜೀರ್ಣವಾಗುತ್ತದೆ ಎಂಬುದು ಪ್ಯಾಕೆಟ್ ಮೇಲೆ ಇರುವುದಿಲ್ಲ, ಮಲದಲ್ಲಿ ಕಾಣುತ್ತದೆ. ನಮ್ಮ ಬೆಕ್ಕುಗಳು ಅಡಿಕೆ ತೋಟದಲ್ಲಿ ಹೂತು ಬರುತ್ತವೆ, ಯಾರೂ ನೋಡಿರುವುದಿಲ್ಲ. ಹೊಸ ಕಾಳಿಗೆ ಹೊರಳುವ ಆ ದಿನಗಳಲ್ಲಿ ಬೆಕ್ಕನ್ನು ಒಳಗಿಟ್ಟು ಟ್ರೇಯಲ್ಲಿ ಹೊಯ್ಗೆ ಹಾಕಿ ಕೊಡಿ. ದಿನಕ್ಕೆ ಒಂದೆರಡು ಸಲ, ಗಟ್ಟಿಯಾಗಿ, ಪ್ರಮಾಣದಲ್ಲಿ ಕಡಿಮೆಯಾಗಿ ಹೋದರೆ ಆ ಆಹಾರವನ್ನು ಇನ್ನು ಬದಲಾಯಿಸಬೇಡಿ, ಬೆಕ್ಕಿಗೆ ಬೇಜಾರಾಗಿರಬಹುದು ಎಂದು ನಿಮಗೆ ಅನಿಸಿದರೂ.

ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ಮೂರು ವಾರ ಕಳೆದರೂ ಭೇದಿ ನಿಲ್ಲದಿದ್ದರೆ ಕಾಳು ಬದಲಿಸಿ ಪ್ರಯೋಜನವಿಲ್ಲ. ಎರಡು ದಿನ ಏನೂ ತಿನ್ನದೆ ಕೂತ ಬೆಕ್ಕನ್ನು, ಅದರಲ್ಲೂ ದಪ್ಪಗಿನದನ್ನು, "ಹಸಿವಾದರೆ ತಿಂದೀತು" ಎಂದು ಬಿಡಬೇಡಿ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ಮುಕ್ಕರಿಯುತ್ತಿದ್ದರೆ ಮಲಬದ್ಧತೆ ಎಂದುಕೊಳ್ಳಬೇಡಿ. ಮೂತ್ರ ಕಟ್ಟಿರಬಹುದು, ಅದಕ್ಕೆ ಬೆಳಗಾಗುವವರೆಗೂ ಕಾಯಬಾರದು. ಬರುವಾಗ ಪ್ಯಾಕೆಟನ್ನೇ ತನ್ನಿ, ಬ್ಯಾಚ್ ನಂಬರ್ ಇರುವ ಭಾಗ ಹರಿದು ಹೋಗಿರದಿದ್ದರೆ ಇನ್ನೂ ಒಳ್ಳೆಯದು.