ಚಾವಣಿ ಹಗುರವಾಯ್ತು, ಗಾಳಿ ಹಾಗೇ ಇದೆ

ಭರಣಿ, ಕೃತ್ತಿಕೆ ಮಳೆ ಶುರುವಾಗುವ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗದ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಫೋಟೊ ತಪ್ಪದೆ ಬರುತ್ತದೆ. ಗೋಡೆ ನಿಂತಿದೆ, ಬಾಗಿಲು ಕಿಟಕಿ ಸರಿಯಾಗಿವೆ, ಮೇಲೆ ಮಾತ್ರ ಆಕಾಶ. ಶೀಟುಗಳು ಪಕ್ಕದ ಹೊಲದಲ್ಲೋ, ಕರೆಂಟ್ ತಂತಿಯ ಮೇಲೋ ಬಿದ್ದಿವೆ. ಚನ್ನಗಿರಿ ಕಡೆ ಅಡಿಕೆ, ಬಾಳೆ ಮುರಿದ ಸುದ್ದಿಯೂ ಅದರ ಪಕ್ಕದಲ್ಲೇ ಇರುತ್ತದೆ. ಎಂಥಾ ಗಾಳಿ ಅಂತೀವಿ, ಪುಟ ತಿರುಗಿಸ್ತೀವಿ.

ಗಾಳಿ ಜೋರಾಗಿತ್ತು, ನಿಜ. ಆದರೆ ಅದೇ ಓಣಿಯ ಹಳೇ ಮಾಳಿಗೆ ಮನೆ ಅಲುಗಾಡಿರುವುದಿಲ್ಲ. ಮಾಳಿಗೆ ಮನೆಯವರ ಗೋಳೇನಿದ್ದರೂ ಸೋರುವುದರದ್ದು. ಸೂರು ಹಾರುವ ಗೋಳು ಆಮೇಲೆ ಬಂದದ್ದು. ಅದು ಹೇಗೆ ಬಂತು ಅನ್ನುವುದಕ್ಕೆ ನಮ್ಮ ಸೀಮೆಯ ಚಾವಣಿಗಳನ್ನು ಒಂದೊಂದಾಗಿ ತೂಗಿ ನೋಡಬೇಕು. ತಕ್ಕಡಿ ಬೇಡ, ಲೆಕ್ಕ ಸಾಕು.

ಮಾಳಿಗೆಯಿಂದ ಶುರು ಮಾಡೋಣ. ಚಿತ್ರದುರ್ಗ ಜಿಲ್ಲೆಗೆ ಬೀಳುವ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಚಳ್ಳಕೆರೆ ಕಡೆ ಇನ್ನೂ ಕಡಿಮೆ. ಇಷ್ಟು ಮಳೆಗೆ ಇಳಿಜಾರು ಸೂರು ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಬಿಸಿಲಿನಿಂದ ರಕ್ಷಣೆ. ಹಾಗಾಗಿ ತೊಲೆ ಇಟ್ಟು, ಅದರ ಮೇಲೆ ಜಂತೆ ಜೋಡಿಸಿ, ದಬ್ಬೆ ಹಾಸಿ, ಬೇವೋ ಬಂದ್ರೆಯೋ ಹತ್ತಿರ ಸಿಕ್ಕ ಸೊಪ್ಪು ಹರಡಿ, ಮೇಲೆ ಗೇಣುದ್ದ ಮಣ್ಣು ಹಾಕಿ ದಮ್ಮಸ್ಸು ಮಾಡುತ್ತಿದ್ದರು. ಸುತ್ತ ಕುಂಬಿ, ನೀರು ಹೊರಗೆ ಬೀಳಲು ಒಂದು ದೋಣಿ, ಬೆಳಕಿಗೊಂದು ಗವಾಕ್ಷಿ. ಮೆಣಸಿನಕಾಯಿ ಒಣಗಿಸುವುದು, ಬೇಸಿಗೆ ರಾತ್ರಿ ಮಲಗುವುದು ಎಲ್ಲ ಅದರ ಮೇಲೆಯೇ.

ಇದರಲ್ಲಿ ಜಾಣತನ ಇರುವುದು ಕೊನೆಯ ಪದರದಲ್ಲಿ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಚೌಳು ಮಣ್ಣು ಹಾಕುತ್ತಿದ್ದರು. ಚೌಳು ಅಂದರೆ ಬೆಳೆ ಬಾರದ ಉಪ್ಪು ನೆಲದ ಮಣ್ಣು. ಹೊಲದಲ್ಲಿದ್ದರೆ ರೈತನಿಗೆ ಶಾಪ. ಮಳೆ ಬಿದ್ದರೂ ನೀರು ಇಂಗುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೀರು ತಾಗಿದ ಕೂಡಲೇ ಆ ಸಣ್ಣ ಕಣಗಳು ಮಣ್ಣಿನ ತೂತುಗಳಿಗೆ ಹೋಗಿ ಕೂರುತ್ತವೆ, ದಾರಿ ಮುಚ್ಚುತ್ತವೆ. ಹೊಲ ಕೆಡಿಸುವ ಗುಣವೇ ಮನೆ ಉಳಿಸುತ್ತದೆ. ರಸಾಯನಶಾಸ್ತ್ರ ಓದದವರು ಇದನ್ನು ಕಂಡುಕೊಂಡರು ಅಂತ ನಾವು ಬೆರಗಾಗುತ್ತೇವೆ. ವರ್ಷವರ್ಷ ಹೊಲದಲ್ಲಿ ನೀರು ನಿಂತದ್ದನ್ನು ನೋಡಿದವರಿಗೆ ಅದೇನು ದೊಡ್ಡ ವಿಷಯ ಅಲ್ಲ ಬಿಡಿ.

ಗೇಣುದ್ದ ಮಣ್ಣಿನ ತೂಕ ಎಷ್ಟು? ಆರು ಇಂಚು ದಪ್ಪ ಅಂತ ಇಟ್ಟುಕೊಂಡರೂ ಒಂದು ಚದರ ಮೀಟರಿಗೆ ಸುಮಾರು 240 ಕಿಲೋ ಆಗುತ್ತದೆ. ಇದನ್ನು ಎತ್ತುವ ಗಾಳಿ ನಮ್ಮ ಕಡೆ ಬೀಸುವುದಿಲ್ಲ.

ಮಾಳಿಗೆ ಕಟ್ಟಲಾಗದವರದ್ದು ಗುಡಿಸಲು. ಗೊಲ್ಲರ ಹಟ್ಟಿಗಳಲ್ಲಿ, ಕೂಲಿಯವರ ಕೇರಿಗಳಲ್ಲಿ ಹುಲ್ಲು, ತೆಂಗಿನ ಗರಿಯೇ ಸೂರು. ಅದಕ್ಕೆ ಗಾಳಿಗಿಂತ ಬೆಂಕಿಯ ಭಯ ಜಾಸ್ತಿ. ಗಾಳಿಗೆ ಹೋದರೂ ಸಂಜೆಯೊಳಗೆ ಮತ್ತೆ ಹೊದಿಸಬಹುದು, ತಲೆ ಮೇಲೆ ಬಿದ್ದರೂ ಜೀವ ಹೋಗುವುದಿಲ್ಲ. ಶೀಟು ಹಾಗಲ್ಲ.

ಹೆಂಚು ಬಂದದ್ದು ಕರಾವಳಿಯಿಂದ. ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ದಡದ ಜೇಡಿಮಣ್ಣು ಪಕ್ಕದಲ್ಲೇ ಸಿಗುತ್ತಿತ್ತು. ವರ್ಷಕ್ಕೆ 4,000 ಮಿಲಿಮೀಟರಿನ ಹತ್ತಿರ ಮಳೆ ಸುರಿಯುವ ಊರಿಗೆಂದೇ ಹುಟ್ಟಿದ ವಸ್ತು ಅದು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುತ್ತದೆ, ಹಿಂಬದಿಯ ಕೊಕ್ಕೆ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಬಳಿಕ ಅದು ಘಟ್ಟ ಹತ್ತಿ ಬಯಲು ಸೀಮೆಗೂ ಬಂತು. ನಮ್ಮ ಹಳೇ ಶಾಲೆಗಳು, ಪ್ರವಾಸಿ ಮಂದಿರಗಳು, ರೈಲ್ವೆ ಮನೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಇಷ್ಟು ಕಡಿಮೆ ಮಳೆಗೆ ಅಷ್ಟು ಇಳಿಜಾರು ಬೇಕಿರಲಿಲ್ಲ. ಆದರೆ ವರ್ಷವರ್ಷ ಮಣ್ಣು ಹಾಕುವ ಕಾಟ ತಪ್ಪಿತಲ್ಲ.

ಹೆಂಚಿನ ಸೂರು ಚದರ ಮೀಟರಿಗೆ 40 ಕಿಲೋ ಆಜುಬಾಜು. ಮಾಳಿಗೆಯ ಆರನೇ ಒಂದು ಭಾಗ. ಆದರೂ ಬಿರುಗಾಳಿಗೆ ಪೂರ್ತಿ ಸೂರು ಹೋಗುವುದು ಅಪರೂಪ. ಅಂಚಿನ ಒಂದೆರಡು ಸಾಲು ಎದ್ದೀತು, ಅಷ್ಟೇ. ಹೆಂಚುಗಳ ನಡುವೆ ಸಣ್ಣ ಸಂದು ಇರುವುದರಿಂದ ಒಳಗಿನ ಗಾಳಿ ಹೊರಗೆ ಹೋಗಲು ದಾರಿಯೂ ಉಂಟು. ಚಿತ್ರದುರ್ಗದ ಕೋಟೆಯ ಸುತ್ತಮುತ್ತ ಮನೆ ಇರುವವರನ್ನು ಕೇಳಿದರೆ ಹೆಂಚಿನ ನಿಜವಾದ ಶತ್ರು ಕೋತಿ ಅಂತಾರೆ, ಗಾಳಿ ಅಲ್ಲ.

ಇನ್ನು ತಗಡು. ಸುಕ್ಕು ಮಾಡಿದ ಕಬ್ಬಿಣದ ತಗಡಿಗೆ ಲಂಡನ್ನಿನ ಹೆನ್ರಿ ಪಾಮರ್ 1829ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಸತುವಿನ ಲೇಪ ಸೇರಿದ್ದು 1837ರ ನಂತರ. ಸುಮ್ನೆ ಚಪ್ಪಟೆ ತಗಡು ಹಿಡಿದರೆ ಬಾಗುತ್ತದೆ, ಸುಕ್ಕು ಮಾಡಿದರೆ ಅದೇ ತಗಡು ಗಟ್ಟಿ. ಕಡಿಮೆ ಮರ, ಕಡಿಮೆ ಕೂಲಿ, ಒಂದೇ ದಿನಕ್ಕೆ ಸೂರು. ದಾವಣಗೆರೆಯಂಥ ಹತ್ತಿ ಗಿರಣಿಗಳ ಊರಿಗೆ, ಗೋದಾಮುಗಳಿಗೆ, ಮಂಡಕ್ಕಿ ಭಟ್ಟಿಗಳಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಭಟ್ಟಿಯ ಹೊಗೆಗೆ ಕಪ್ಪಾದ ತಗಡಿನ ಸಾಲು ಆ ಬಡಾವಣೆಗಳಲ್ಲಿ ಇವತ್ತಿಗೂ ಕಾಣುತ್ತದೆ.

ಆಸ್ಬೆಸ್ಟಾಸ್ ನಾರನ್ನು ಸಿಮೆಂಟಿಗೆ ಬೆರೆಸಿ ಹಾಳೆ ಮಾಡುವ ವಿಧಾನವನ್ನು ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ 1901ರ ಹೊತ್ತಿಗೆ ರೂಢಿಗೆ ತಂದ. ನಮ್ಮ ಹಳ್ಳಿಗಳ ಬಾಯಲ್ಲಿ ಅದು ಸಿಮೆಂಟ್ ಶೀಟು. ತುಕ್ಕು ಹಿಡಿಯುವುದಿಲ್ಲ, ತಗಡಿನಷ್ಟು ಕಾಯುವುದಿಲ್ಲ. ಆ ನಾರಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಎಷ್ಟೋ ದೇಶಗಳು ನಿಷೇಧಿಸಿವೆ. ಅದು ಬೇರೆಯದೇ ಲೇಖನಕ್ಕೆ ಆಗುವಷ್ಟು ವಿಷಯ. ಇಲ್ಲಿ ಇಷ್ಟು ಹೇಳಿದರೆ ಸಾಕು: ಗಾಳಿಗೆ ಒಡೆದ ಹಳೇ ಸಿಮೆಂಟ್ ಶೀಟಿನ ಚೂರನ್ನು ಎತ್ತುವ ಮುಂಚೆ ನೀರು ಚಿಮುಕಿಸಿ, ಸಣ್ಣ ದೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ (ಬರೀ ಬಟ್ಟೆ ಸಾಲದು), ಗರಗಸ ಹಚ್ಚಬೇಡಿ.

ತೂಕಕ್ಕೆ ಬರೋಣ. ಸಿಮೆಂಟ್ ಶೀಟು ಚದರ ಮೀಟರಿಗೆ 13, 14 ಕಿಲೋ. ಈಗ ಎಲ್ಲೆಲ್ಲೂ ಕಾಣುವ ಅರ್ಧ ಮಿಲಿಮೀಟರಿನ ಬಣ್ಣದ ಶೀಟು ನಾಲ್ಕೈದು ಕಿಲೋ. 240, 40, 14, 5. ಹೀಗೆ ಇಳಿಯುತ್ತಾ ಬಂದಿದ್ದೇವೆ.

ಗಾಳಿಯ ಲೆಕ್ಕ ಹೀಗಿದೆ. ಗಂಟೆಗೆ 70 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಹತ್ತಿರಹತ್ತಿರ 23 ಕಿಲೋ ತೂಕಕ್ಕೆ ಸಮ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಕಟ್ಟಡಗಳಿಗೆ ಗಾಳಿಯ ಲೆಕ್ಕ ಹಾಕುವ ಭಾರತೀಯ ಮಾನಕ ಐಎಸ್ 875, ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲವೇಗ, ಅಂದರೆ ಲೆಕ್ಕ ಶುರು ಮಾಡುವ ಗಾಳಿಯ ವೇಗ, ಹಿಡಿಯುತ್ತದೆ. 33 ಮೀಟರ್ ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಸಮುದ್ರ ಇಲ್ಲದ ಊರಿಗೂ ಇಷ್ಟು! ನಮ್ಮದು ಒಳನಾಡು, ಚಂಡಮಾರುತದ ಗೊಡವೆ ನಮಗಿಲ್ಲ ಅನ್ನುವ ಧೈರ್ಯ ಪೂರ್ತಿ ಸರಿಯಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ಗಾಳಿಯಂತ್ರ ನಿಲ್ಲಿಸಿರುವುದು ಚೆಂದಕ್ಕಲ್ಲವಲ್ಲ.

ಅದರಲ್ಲೂ ಏಪ್ರಿಲ್, ಮೇ ತಿಂಗಳ ಗಾಳಿಯ ರೀತಿಯೇ ಬೇರೆ. ಕಾದ ನೆಲದಿಂದ ಮೇಲೆದ್ದ ಮೋಡ ಮಳೆ ಸುರಿಸತೊಡಗಿದಾಗ, ಆ ಮಳೆಯಿಂದ ತಣ್ಣಗಾದ ಗಾಳಿ ಧೊಪ್ಪನೆ ಕೆಳಗೆ ಬಿದ್ದು ನಾಲ್ಕೂ ಕಡೆ ಚೆಲ್ಲುತ್ತದೆ. ಅದಕ್ಕೇ ಮೊದಲು ದೂಳು, ಆಮೇಲೆ ಹನಿ. ಹತ್ತು ಹದಿನೈದು ನಿಮಿಷದ ಆಟ. ಕರಾವಳಿಯ ಜಡಿಮಳೆಯಂತೆ ದಿನಗಟ್ಟಲೆ ಇರುವುದಿಲ್ಲ, ಆದ್ದರಿಂದ ಅದಕ್ಕೆಂದು ಯಾರೂ ತಯಾರಿ ಮಾಡುವುದೂ ಇಲ್ಲ.

ಗಾಳಿ ಸೂರನ್ನು ದೂಡುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಹೆಚ್ಚಿನ ಸಲ ಅದು ಎತ್ತುತ್ತದೆ. ಸೂರಿನ ಮೇಲೆ ಹಾಯುವಾಗ ಗಾಳಿಯ ವೇಗ ಹೆಚ್ಚಿ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಶೀಟು ಮೇಲಕ್ಕೆ ಎಳೆಯಲ್ಪಡುತ್ತದೆ. ಗಾಳಿ ಬರುವ ಕಡೆಯ ಬಾಗಿಲೋ ಕಿಟಕಿಯೋ ತೆರೆದಿದ್ದರೆ ಒಳಗಿನಿಂದಲೂ ನೂಕು. ಅಂಚು, ಮೂಲೆಗಳಲ್ಲಿ ಈ ಎಳೆತ ಎಲ್ಲಕ್ಕಿಂತ ಜಾಸ್ತಿ. ಒಂದು ಮೂಲೆ ಬಿಟ್ಟರೆ ಗಾಳಿ ಅದರೊಳಗೆ ಕೈ ಹಾಕಿದಂತೆಯೇ, ಉಳಿದ ಶೀಟುಗಳು ಸಾಲಾಗಿ ಹೋಗುತ್ತವೆ. 5 ಕಿಲೋ ತೂಕದ ಶೀಟನ್ನು 23 ಕಿಲೋ ಬಲ ಎತ್ತುತ್ತಿರುವಾಗ ಅದನ್ನು ಹಿಡಿದಿರುವುದು ಏನು? ಒಂದೆರಡು ಮೊಳೆ, ಇಲ್ಲವೇ ಮೇಲಿಟ್ಟ ಕಲ್ಲು.

ಕಲ್ಲಿಡುವುದು ನಮ್ಮಲ್ಲಿ ಮಾತ್ರ ಅಲ್ಲ. ಉತ್ತರ ಅಮೆರಿಕದ ಪೆಸಿಫಿಕ್ ತೀರದಲ್ಲಿ, ಅಂದರೆ ಬ್ರಿಟಿಷ್ ಕೊಲಂಬಿಯಾ, ವಾಷಿಂಗ್ಟನ್ ರಾಜ್ಯದ ಕಡೆ, ಅಲ್ಲಿನ ಮೂಲನಿವಾಸಿಗಳು ಸೀಡರ್ ಮರದ ಹಲಗೆಗಳಿಂದ ದೊಡ್ಡ ಮನೆಗಳನ್ನು ಕಟ್ಟುತ್ತಿದ್ದರು. ಸೂರಿನ ಹಲಗೆ ಗಾಳಿಗೆ ಹಾರದಂತೆ ಮೇಲೆ ಕಲ್ಲು ಹೇರುತ್ತಿದ್ದರು. ಚಳಿಗಾಲವೆಲ್ಲ ಸಮುದ್ರದಿಂದ ಬಿರುಗಾಳಿ, ಮಳೆ ನುಗ್ಗುವ ತೀರ ಅದು. ಅಲ್ಲಿನ ಕೆಂಪು ಸೀಡರ್ ತೇಗದ ಅರ್ಧದಷ್ಟು ತೂಕದ ಮರ, ಆದರೆ ಅದರೊಳಗಿನ ರಸಗಳು ಬೂಷ್ಟು ಹತ್ತಗೊಡುವುದಿಲ್ಲ, ಮರ ಬೇಗ ಕೊಳೆಯುವುದಿಲ್ಲ. ಹೊಸದಾಗಿ ಬಂದು ನೆಲೆಸಿದವರು ಅದೇ ಮರವನ್ನು ಸಣ್ಣ ಸಣ್ಣ ಬಿಲ್ಲೆಗಳಾಗಿ ಸೀಳಿ ಸೂರಿಗೆ ಹೊದಿಸಿದರು. ಇವತ್ತಿಗೂ ಹೊದಿಸುತ್ತಾರೆ.

ಸೀಡರ್ ಸೂರಿನ ತೂಕ ಚದರ ಮೀಟರಿಗೆ 10ರಿಂದ 15 ಕಿಲೋ. ನಮ್ಮ ಸಿಮೆಂಟ್ ಶೀಟಿನಷ್ಟೇ. ಗಾಳಿ ನಮಗಿಂತ ಜೋರು. ಹಾಗಿದ್ದೂ ಚೆನ್ನಾಗಿ ಹಾಕಿದ ಸೂರು ದಶಕಗಟ್ಟಲೆ ನಿಲ್ಲುತ್ತದೆ. ಗುಟ್ಟು ಮರದಲ್ಲಿ ಅರ್ಧ, ಹೊಡೆಯುವ ಕೈಯಲ್ಲಿ ಅರ್ಧ. 16 ಇಂಚು ಉದ್ದದ ಬಿಲ್ಲೆಯಲ್ಲಿ ಹೊರಗೆ ಕಾಣುವುದು 5 ಇಂಚು ಮಾತ್ರ. ಉಳಿದದ್ದು ಮೇಲಿನ ಸಾಲುಗಳ ಅಡಿಯಲ್ಲಿ. ಹಾಗಾಗಿ ಸೂರಿನ ಎಲ್ಲಿ ಬೆರಳಿಟ್ಟರೂ ಕೆಳಗೆ ಮೂರು ಪದರ ಇರುತ್ತದೆ. ಅಗಲ ಎಷ್ಟೇ ಇರಲಿ, ಪ್ರತಿ ಬಿಲ್ಲೆಗೆ ಎರಡೇ ಮೊಳೆ. ಅಂಚಿನಿಂದ ಮುಕ್ಕಾಲು ಇಂಚು ಒಳಗೆ, ಮೇಲಿನ ಸಾಲು ಮುಚ್ಚುವ ಜಾಗದಲ್ಲಿ. ಮೊಳೆಯ ತಲೆಗೆ ಬಿಸಿಲು ಮಳೆ ಕಾಣುವುದೇ ಇಲ್ಲ. ತಲೆ ಮರಕ್ಕೆ ತಾಗಿ ನಿಲ್ಲಬೇಕು, ಮರದೊಳಗೆ ಹುದುಗಬಾರದು. ಹುದುಗಿದರೆ ಅಲ್ಲಿಂದಲೇ ಬಿಲ್ಲೆ ಸೀಳುತ್ತದೆ. ಬಿಲ್ಲೆ ಬಿಲ್ಲೆ ನಡುವೆ ಕಾಲಿಂಚು ಸಂದು, ಮಳೆಗೆ ಮರ ಉಬ್ಬಲು. ಸಮುದ್ರದ ಹತ್ತಿರವಾದರೆ ಸಾದಾ ಮೊಳೆ ಬೇಡ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿ ಅಂತಾರೆ. ಯಾಕೆಂದರೆ ಉಪ್ಪುಗಾಳಿಗೆ ಮರ ಉಳಿಯುತ್ತದೆ, ಮೊಳೆ ಉಳಿಯುವುದಿಲ್ಲ.

ಹಾಗಂತ ಸೀಡರ್ ತಂದು ದಾವಣಗೆರೆಯಲ್ಲಿ ಹೊದಿಸಿ ಅಂತ ಯಾರಿಗೂ ಹೇಳುತ್ತಿಲ್ಲ. ನಮ್ಮ ಬಿಸಿಲಿಗೆ ಅದು ಬಿರಿಯುತ್ತದೆ, ಬೆಂಕಿಗೂ ಸುಲಭ. ಕಾಳ್ಗಿಚ್ಚಿನ ಕಾಟ ಇರುವ ಕ್ಯಾಲಿಫೋರ್ನಿಯಾದಲ್ಲೇ ಬೆಂಕಿ ತಡೆಯುವ ಉಪಚಾರ ಇಲ್ಲದ ಮರದ ಸೂರಿಗೆ ಕಡಿವಾಣ ಹಾಕಿದ್ದಾರೆ. ಹಗುರ ಸೂರಿಗೆ ಹೋದಾಗ ಅಲ್ಲಿನವರು ಕಲ್ಲು ಬಿಟ್ಟು ಮೊಳೆ ಕಲಿತರು. ನಾವು ಶೀಟಿಗೆ ಹೋದೆವು, ಕಲ್ಲು ಇನ್ನೂ ಬಿಟ್ಟಿಲ್ಲ. ನೋಡಬೇಕಾದದ್ದು ಅದನ್ನು.

ಯಾಕೆ ಹೀಗಾಯಿತು? ಮಾಳಿಗೆಗೂ ಹೆಂಚಿಗೂ ಕಟ್ಟುವ ಕೆಲಸವೇ ಇರಲಿಲ್ಲ, ಭಾರವೇ ಹಿಡಿದುಕೊಳ್ಳುತ್ತಿತ್ತು. ನಮ್ಮ ಮನೆ ಕಟ್ಟುವವರ ಕೈಗೆ ಬಂದದ್ದು ಭಾರ ಹೊರುವ ಗೋಡೆ ಕಟ್ಟುವ ವಿದ್ಯೆ. ಶೀಟಿಗೆ ಬೇಕಾದದ್ದು ತಲೆಕೆಳಗಾದ ವಿದ್ಯೆ. ಸೂರನ್ನು ಕೆಳಕ್ಕೆ ಹಿಡಿದೆಳೆದು, ಆ ಎಳೆತವನ್ನು ಗೋಡೆಗೆ, ಗೋಡೆಯಿಂದ ಪಾಯಕ್ಕೆ ದಾಟಿಸಬೇಕು. ಎಷ್ಟೋ ಕಡೆ ಶೀಟು ಅದರ ಅಡಿಯ ಕಬ್ಬಿಣದ ಪೈಪಿಗೆ ಭದ್ರವಾಗಿರುತ್ತದೆ, ಪೈಪು ಮಾತ್ರ ಗೋಡೆಯ ಮೇಲೆ ಸುಮ್ನೆ ಕೂತಿರುತ್ತದೆ. ಬಿರುಗಾಳಿಗೆ ಪೈಪು ಸಮೇತ ಹೋಗುವುದು ಇಂಥವೇ.

ಈಗಿನ ಹೊಸ ರೂಢಿ ಆರ್‌ಸಿಸಿ ಮನೆಯ ತಾರಸಿ ಮೇಲೆ ಶೀಟು. ದಾವಣಗೆರೆಯ ನಿಟ್ಟುವಳ್ಳಿ, ವಿದ್ಯಾನಗರದ ಕಡೆ ಓಣಿಗೆ ನಾಲ್ಕಾದರೂ ಸಿಗುತ್ತವೆ. ಬಿಸಿಲು ತಡೆಯುತ್ತದೆ, ಬಟ್ಟೆ ಒಣಗುತ್ತದೆ, ಸೋರುವ ತಾರಸಿಗೂ ಮದ್ದು. ಆದರೆ ಗಾಳಿಯ ಲೆಕ್ಕದಲ್ಲಿ ಇದರಷ್ಟು ಅಪಾಯದ ಜೋಡಣೆ ಇನ್ನೊಂದಿಲ್ಲ. ಎರಡನೇ ಮಹಡಿಯ ಎತ್ತರ, ನಾಲ್ಕೂ ಕಡೆ ಬಯಲು, ಮೇಲಿನಿಂದ ಎಳೆತ, ಕೆಳಗಿನಿಂದ ನೂಕು. ಹಾರಿದರೆ ಬೀಳುವುದು ಬೀದಿಗೆ.

ಶೀಟು ಹಾಕಿಸುವವರು ನೋಡಬೇಕಾದದ್ದು ಹೆಚ್ಚೇನಿಲ್ಲ. ಸ್ಕ್ರೂವೋ ಕೊಕ್ಕೆಯಂತೆ ಬಾಗಿದ ಜೆ ಬೋಲ್ಟೋ ಹಾಕುವಾಗ ಸುಕ್ಕುಶೀಟಿನ ಏರಿನಲ್ಲಿ ತೂತು ಹೊಡೆಯಬೇಕು, ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವ ದಾರಿಯಲ್ಲೇ ತೂತು. ರಬ್ಬರ್ ವಾಷರ್ ಇರಲೇಬೇಕು. ಬಿಗಿ ಅತಿಯಾದರೆ ವಾಷರ್ ಪಕ್ಕಕ್ಕೆ ಉಬ್ಬಿ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ನಡುವೆ ಒಂದು ಏರು ಬಿಟ್ಟು ಒಂದಕ್ಕೆ ಹಾಕಿದರೂ, ಅಂಚಿನ ಸಾಲು ಮತ್ತು ಮೂಲೆಗಳಲ್ಲಿ ಪ್ರತಿ ಏರಿಗೂ ಹಾಕಿಸಿ. ಗೋಡೆಯಾಚೆ ಚಾಚುವ ಶೀಟು ಒಂದಡಿ ಮೀರದಿರಲಿ. ಪೈಪನ್ನು ಗೋಡೆಗೆ ಹಿಡಿಸಲು ಬರೀ ಸಿಮೆಂಟ್ ಮೆತ್ತಿದರೆ ಸಾಲದು, ಗೋಡೆಯೊಳಗೆ ಎರಡಡಿಯಾದರೂ ಇಳಿಯುವ ಕಬ್ಬಿಣದ ಸರಳು ಬೇಕು. ತಾರಸಿ ಮೇಲಾದರೆ ಕಂಬದ ಬುಡದ ಪ್ಲೇಟು ಕಾಂಕ್ರೀಟಿಗೆ ಆಂಕರ್ ಬೋಲ್ಟಿನಿಂದ ಕೂತಿರಬೇಕು.

ಕೊಟೇಶನ್ನಿನಲ್ಲಿ ಶೀಟಿನ ಕಂಪನಿ, ದಪ್ಪ, ಬಣ್ಣ, ಚದರಡಿ ರೇಟು ಎಲ್ಲ ಇರುತ್ತದೆ. ಚದರಡಿಗೆ ಎಷ್ಟು ಸ್ಕ್ರೂ, ಎಂಥ ಸ್ಕ್ರೂ, ಆಂಕರ್ ಎಷ್ಟು ಉದ್ದದ್ದು ಅನ್ನುವ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಬರೆಸಿಕೊಂಡೇ ಅಡ್ವಾನ್ಸ್ ಕೊಡಿ.