ಸ್ಮಾರ್ಟ್ ಹೋಮ್‌ಗೆ ದುಡ್ಡು ಹಾಕಿದರೆ ದುಡ್ಡು ಬರುತ್ತಾ?

ಪ್ರಶ್ನೆ: ಕೋಲಾರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಇನ್ನು ಮುಂದೆ ಎಲ್ಲ ಕಡೆ ಸ್ಮಾರ್ಟ್ ಹೋಮ್ (ಲೈಟು, ಫ್ಯಾನು, ಕ್ಯಾಮೆರಾ ಎಲ್ಲ ಫೋನಿನಿಂದಲೇ ನಡೆಸುವ ಮನೆ) ಬರುತ್ತೆ, ಈಗಲೇ ಆ ಕಂಪನಿಗಳ ಷೇರು ತಗೊಂಡುಬಿಡಿ ಅಂತ ನನ್ನ ಭಾವಮೈದ ಹೇಳುತ್ತಿದ್ದಾನೆ. ಕೈಯಲ್ಲಿ ಎರಡು ಲಕ್ಷ ಇದೆ. ಷೇರಿಗೆ ಹಾಕಲಾ? ಇಲ್ಲ, ನಮ್ಮ ಮನೆಗೇ ಹಾಕಿಸಿದರೆ ನಾಳೆ ಬಾಡಿಗೆ, ಬೆಲೆ ಜಾಸ್ತಿ ಬರುತ್ತಾ?

ಉತ್ತರ: ನಿಮ್ಮ ಭಾವಮೈದ ಹೇಳೋದು ಅರ್ಧ ಸರಿ. ಬಳಸುವವರು ಹೆಚ್ಚುತ್ತಾರೆ, ಅದರಲ್ಲಿ ಅನುಮಾನ ಬೇಡ. ಆದರೆ ವಸ್ತು ಚೆನ್ನಾಗಿ ಮಾರಾಟ ಆದ ಮಾತ್ರಕ್ಕೆ ಷೇರು ಹಿಡಿದವರ ಜೇಬು ತುಂಬುತ್ತೆ ಅಂತೇನಿಲ್ಲ.

ಐರೋಬಾಟ್ ಕಥೆ ನೋಡಿ. ನೆಲ ಗುಡಿಸುವ ರೂಂಬಾ ಯಂತ್ರವನ್ನು ಮನೆಮನೆಗೆ ತಂದ ಅಮೆರಿಕದ ಕಂಪನಿ ಅದು. 2021ರ ಆರಂಭದಲ್ಲಿ ಅದರ ಷೇರು 100 ಡಾಲರ್ ದಾಟಿತ್ತು. 2022ರಲ್ಲಿ ಅಮೆಜಾನ್ ಸುಮಾರು 170 ಕೋಟಿ ಡಾಲರ್‌ಗೆ ಕೊಳ್ಳಲು ಮುಂದೆ ಬಂತು. ಯುರೋಪಿನ ನಿಯಂತ್ರಕರು ಒಪ್ಪುವ ಲಕ್ಷಣ ಕಾಣದೆ 2024ರ ಜನವರಿಯಲ್ಲಿ ಒಪ್ಪಂದ ಮುರಿದುಬಿತ್ತು. ಅಷ್ಟರಲ್ಲಿ ಚೀನಾದ ಕಂಪನಿಗಳು ಅಂಥದ್ದೇ ಯಂತ್ರವನ್ನು ಕಡಿಮೆ ಬೆಲೆಗೆ ಮಾರುತ್ತಿದ್ದವು. 2025ರ ಡಿಸೆಂಬರ್‌ನಲ್ಲಿ ಐರೋಬಾಟ್ ದಿವಾಳಿ ಅರ್ಜಿ ಹಾಕಿತು. ಯಂತ್ರಕ್ಕೆ ಬೇಡಿಕೆ ಇದ್ದೇ ಇತ್ತು, ಮುಳುಗಿದ್ದು ಷೇರುದಾರರು.

ನಮ್ಮ ಸುತ್ತಮುತ್ತಲೂ ಇದೇ ಲೆಕ್ಕ. ಕೋಲಾರ ಜಿಲ್ಲೆಗೆ ಈ ತಂತ್ರಜ್ಞಾನ ಬಂದಿದ್ದು ಮನೆಗಿಂತ ಮೊದಲು ತೋಟಕ್ಕೆ. ಬೋರ್‌ವೆಲ್ ಪಕ್ಕದ ಡಬ್ಬದೊಳಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇರುತ್ತಲ್ಲ, ಅದೇ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದರೆ ಟಾರ್ಚ್ ಹಿಡಿದು ಹೋಗಬೇಕಿಲ್ಲ, ಮಲಗಿದಲ್ಲಿಂದಲೇ ಫೋನ್ ಮಾಡಿ ಮೋಟರ್ ಹಾಕಬಹುದು. ನನ್ನ ಕೇಳಿದರೆ ಮಾತಾಡುವ ಸ್ಪೀಕರಿಗಿಂತ ಸಾವಿರ ಪಾಲು ಉಪಯೋಗದ ವಸ್ತು! ಆದರೆ ಅಂಗಡಿಗೆ ಹೋದರೆ ಹಲವು ಹೆಸರಿನ ಸ್ಟಾರ್ಟರ್‌ಗಳು ಸಾಲಾಗಿರುತ್ತವೆ. ರೈತರು ಯಾವುದು ಅಗ್ಗವೋ, ಯಾವುದನ್ನು ಮೆಕ್ಯಾನಿಕ್ ರಿಪೇರಿ ಮಾಡಬಲ್ಲನೋ ಅದನ್ನೇ ತರುತ್ತಾರೆ. ಕೊಳ್ಳುವವರಿಗೆ ಒಳ್ಳೆಯದೇ. ಮಾರುವ ಕಂಪನಿಗೆ ಬೆಲೆ ಏರಿಸಲು ಜಾಗವೇ ಇರೋದಿಲ್ಲ.

ಈಗ ನಮ್ಮ ಷೇರುಪೇಟೆಗೆ ಬರೋಣ. ಸ್ಮಾರ್ಟ್ ಹೋಮ್ ಹೆಸರಲ್ಲಿ ಹ್ಯಾವೆಲ್ಸ್, ಪಾಲಿಕ್ಯಾಬ್ ಷೇರು ತಗೊಂಡರೆ ನಿಮ್ಮ ಪಾಲಿಗೆ ಬರೋದು ಹೆಚ್ಚಾಗಿ ಕೇಬಲ್, ಸ್ವಿಚ್, ಫ್ಯಾನುಗಳ ವ್ಯಾಪಾರ. ಫೋನಿನಿಂದ ನಡೆಯುವ ಸಾಧನಗಳ ಪಾಲು ಅದರಲ್ಲಿ ಚಿಕ್ಕದು. ತಾಮ್ರದ ಬೆಲೆ ಏರಿದರೂ ಇಳಿದರೂ ಇವುಗಳ ಲಾಭ ಅಲುಗಾಡುತ್ತೆ. ಒಳ್ಳೆಯ ಕಂಪನಿಗಳೇ ಇರಬಹುದು, ಆದರೆ ಕೊಳ್ಳುವ ಕಾರಣ ಬೇರೆ ಇರಬೇಕು. ಸಿಪಿ ಪ್ಲಸ್ ಹೆಸರಿನ ಸಿಸಿಟಿವಿ ಕ್ಯಾಮೆರಾ ಮಾರುವ ಆದಿತ್ಯ ಇನ್ಫೋಟೆಕ್ ಸ್ವಲ್ಪ ಹತ್ತಿರ ಬರುತ್ತೆ. 2025ರ ಆಗಸ್ಟ್‌ನಲ್ಲಿ ಷೇರುಪೇಟೆಗೆ ಬಂತು. ಅದೇ ವರ್ಷದ ಏಪ್ರಿಲ್‌ನಿಂದ ಸಿಸಿಟಿವಿಗೆ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದ್ದು ಚೀನಾ ಕ್ಯಾಮೆರಾಗಳಿಗೆ ತೊಡಕಾಯಿತು, ಇಂಥ ದೇಶಿ ಕಂಪನಿಗೆ ಅನುಕೂಲ. ನಿಯಮದಿಂದ ಬಂದ ಅನುಕೂಲ ನಿಯಮ ಬದಲಾದರೆ ಹೋಗಲೂಬಹುದು ಅನ್ನೋದು ನೆನಪಿರಲಿ. ನಿಮ್ಮ ಜಿಲ್ಲೆಯ ನರಸಾಪುರದಲ್ಲಿ ಕಣ್ಣೆದುರಿಗೇ ಐಫೋನ್ ತಯಾರಾಗುತ್ತೆ, ತೈವಾನಿನ ವಿಸ್ಟ್ರಾನ್ ಕಂಪನಿಯಿಂದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಕೊಂಡಿತು. ಅಲ್ಲಿ ಕೆಲಸ ಸಿಗುತ್ತೆ, ಆದರೆ ಟಾಟಾ ಎಲೆಕ್ಟ್ರಾನಿಕ್ಸ್ ಷೇರು ಪೇಟೆಯಲ್ಲಿ ಸಿಗೋದಿಲ್ಲ. ‘ಬರೋ ಮುಂಚೆಯೇ ಕೊಡಿಸ್ತೀವಿ’ ಅಂತ ಯಾವುದಾದರೂ ವಾಟ್ಸ್ಯಾಪ್ ಗುಂಪು ಹೇಳಿದರೆ ಸುಮ್ನೆ ಬ್ಲಾಕ್ ಮಾಡಿ.

ಷೇರು ಬೇಕೇ ಬೇಕು ಅಂದರೆ ಎರಡು ಲಕ್ಷದಲ್ಲಿ ಇಪ್ಪತ್ತು ಸಾವಿರ ಸಾಕು ಅಂತ ನನ್ನ ಅನಿಸಿಕೆ. ಮನೆ ಕೆಲಸ ನಡೆಯುವಾಗ ಯಾವಾಗ ದುಡ್ಡು ಬೇಕಾಗುತ್ತೋ ಹೇಳೋಕಾಗಲ್ಲ. ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20% ತೆರಿಗೆ. ವರ್ಷ ದಾಟಿದರೆ 12.5%, ಅದೂ ಆರ್ಥಿಕ ವರ್ಷದ ಲಾಭ 1.25 ಲಕ್ಷ ದಾಟಿದ ಮೇಲೆ.

ಇನ್ನು ಮನೆ. ಬಾಡಿಗೆಯ ಆಸೆ ಇಟ್ಟುಕೊಳ್ಳಬೇಡಿ. ಬಾಡಿಗೆಗೆ ಬರುವವರು ನೀರು ಬರುತ್ತಾ, ಬೈಕ್ ನಿಲ್ಲಿಸೋಕೆ ಜಾಗ ಇದೆಯಾ ಅಂತ ಕೇಳುತ್ತಾರೆ, ಬಣ್ಣ ಬದಲಿಸುವ ಬಲ್ಬ್ ಇದೆಯಾ ಅಂತಲ್ಲ. ಸಾಧನಕ್ಕೆ ಆಯಸ್ಸೂ ಕಮ್ಮಿ. ಅಮೆರಿಕದಲ್ಲಿ ಇನ್‌ಸ್ಟಿಯಾನ್ ಅನ್ನೋ ಕಂಪನಿ 2022ರ ಏಪ್ರಿಲ್‌ನಲ್ಲಿ ಹೇಳದೆ ಕೇಳದೆ ಸರ್ವರ್ ನಿಲ್ಲಿಸಿತು, ಗ್ರಾಹಕರ ಆ್ಯಪ್ ಕೆಲಸ ಮಾಡಲಿಲ್ಲ. ಕೊಳ್ಳೋದಾದರೆ ‘ಮ್ಯಾಟರ್’ ಗುರುತು ಇರೋದನ್ನು ನೋಡಿ. ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಸೇರಿ ಒಪ್ಪಿದ ಮಾನದಂಡ ಅದು, 2022ರಲ್ಲಿ ಬಂತು. ಒಂದು ಕಂಪನಿಯ ಆ್ಯಪ್ ನಿಂತರೂ ಇನ್ನೊಂದರಿಂದ ನಡೆಸುವ ದಾರಿ ಇರುತ್ತೆ.

ಹಾಕಿದ ದುಡ್ಡು ವಾಪಸ್ ಬರೋದು ಬಿಎಲ್‌ಡಿಸಿ ಅನ್ನೋ ಕಡಿಮೆ ಕರೆಂಟ್ ಎಳೆಯುವ ಫ್ಯಾನಿನಲ್ಲಿ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಹದಿನಾರು ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ನೂರು ರೂಪಾಯಿಗೆ ಹತ್ತಿರ. ಇಲ್ಲೊಂದು ತಮಾಷೆ ಇದೆ. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಆಗಲೇ ಸೊನ್ನೆ ಇದ್ದರೆ ಈ ಫ್ಯಾನಿನಿಂದ ಒಂದು ಪೈಸೆಯೂ ಉಳಿಯೋದಿಲ್ಲ. ಅದೇ ತಿಂಗಳಿಗೆ 205, 210 ಯೂನಿಟ್ ಸುಡುವ ಮನೆಯಾದರೆ ಒಂದೇ ಫ್ಯಾನ್ ನಿಮ್ಮನ್ನು 200ರೊಳಗೆ ತರಬಹುದು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ? ಹಾಗಾಗಿ ನೀವು ಯೋಜನೆಗೆ ಅರ್ಹರಾಗಿದ್ದರೆ ಉಳಿತಾಯ ಫ್ಯಾನಿನ ಲೆಕ್ಕಕ್ಕಿಂತ ಜಾಸ್ತಿಯೇ ಆಗಬಹುದು.

ಉಳಿದದ್ದಕ್ಕೆ ಈಗ ಸಾಧನ ತರಬೇಡಿ, ಜಾಗ ಮಾತ್ರ ಬಿಡಿಸಿ. ಎಲೆಕ್ಟ್ರಿಷಿಯನ್‌ಗೆ ಹೇಳಿ ಪ್ರತಿ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ವೈರ್ ತರಿಸಿ, ಸುಮಾರು ಸ್ಮಾರ್ಟ್ ಸ್ವಿಚ್‌ಗಳಿಗೆ ಅದು ಬೇಕೇ ಬೇಕು. ಬೋರ್ಡಿನ ಬಾಕ್ಸ್ ಆಳವಾಗಿರಲಿ, ಸ್ವಿಚ್ ಹಿಂದೆ ಸ್ಮಾರ್ಟ್ ಮಾಡ್ಯೂಲ್ (ಫೋನಿನಿಂದ ನಡೆಸುವ ಚಿಕ್ಕ ಸಾಧನ) ಕೂರಬೇಕು. ಗೇಟಿಗೆ, ಟೆರೇಸಿನ ಟ್ಯಾಂಕಿಗೆ, ನೀರಿನ ಸಂಪ್‌ಗೆ ಮುಂದೆ ವೈರ್ ಹಾಕೋಕೆ ಒಂದೊಂದು ಖಾಲಿ ಪೈಪ್ ಎಳೆಸಿ. ರೌಟರ್ ಇಡುವ ಜಾಗಕ್ಕೆ ಯುಪಿಎಸ್ ಲೈನ್ ಕೊಡಿಸಿ, ಕರೆಂಟ್ ಹೋದಾಗ ವೈಫೈ ಸತ್ತರೆ ಕ್ಯಾಮೆರಾ ಇದ್ದೂ ಇಲ್ಲದಂತೆ. ಇದೆಲ್ಲ ಪ್ಲಾಸ್ಟರಿಂಗ್‌ಗೆ ಮುಂಚೆ ಆಗಬೇಕು. ಆಮೇಲಾದರೆ ಗೋಡೆ ಕೊರೆಸಬೇಕಾಗುತ್ತೆ.